ರಾಜಕಾರಣಕ್ಕೆ ಯಾವ ಓದು? – ಎಸ್. ನಿಜಲಿಂಗಪ್ಪನವರ ಬಾಳು ಹೇಳುವ ಉತ್ತರ



ಎಸ್ಸೆಸ್ಸೆಲ್ಸಿ ಮತ್ತು ಪ್ಲಸ್ ಟು ಫಲಿತಾಂಶ ಹೊರಬಿದ್ದ ಮೇಲೆ ಮಠದ ಕಚೇರಿಗೆ ಬರುವ ತಂದೆತಾಯಿಗಳು ಮಕ್ಕಳ ಮುಂದಿನ ಓದಿನ ಬಗ್ಗೆ ನಮ್ಮನ್ನು ಕೇಳುವುದುಂಟು. ಎಂಜಿನಿಯರಿಂಗ್, ನರ್ಸಿಂಗ್, ಬ್ಯಾಂಕ್ ಪರೀಕ್ಷೆ ಎಂದರೆ ಮಾತು ಬೇಗ ಮುಗಿಯುತ್ತದೆ. ಆದರೆ ತನಗೆ ರಾಜಕಾರಣ ಬೇಕು ಎಂದು ಮಗನೋ ಮಗಳೋ ಹೇಳಿದರೆ ಹೆತ್ತವರು ಗಾಬರಿಯಾಗುತ್ತಾರೆ. ರಾಜಕೀಯಕ್ಕೆ ಓದು ಏಕೆ ಎಂದು ಕೆಲವರು ನಗುತ್ತಾರೆ. ಹಣವೂ ಜಾತಿಬಲವೂ ಇಲ್ಲದವರಿಗೆ ಆ ದಾರಿಯಲ್ಲ ಎಂದು ಇನ್ನು ಕೆಲವರು ನಿಟ್ಟುಸಿರು ಬಿಡುತ್ತಾರೆ. ಕಾಸರಗೋಡಿನಲ್ಲಿರುವ ನಾವು ಸಂಖ್ಯೆಯಲ್ಲಿ ಅಲ್ಪರು, ಭಾಷೆಯಲ್ಲೂ ಅಲ್ಪಸಂಖ್ಯಾತರು. ಆದುದರಿಂದ ಈ ಎರಡೂ ಮಾತುಗಳು ನಮ್ಮ ಮನೆಗಳಲ್ಲಿ ಬೇಗ ಬೇರೂರುತ್ತವೆ.

ಈ ಎರಡು ಮಾತುಗಳೂ ಪೂರ್ಣ ಸತ್ಯವಲ್ಲ ಎಂಬುದಕ್ಕೆ ನಮ್ಮವರೇ ಆದ ಒಬ್ಬ ಹಿರಿಯರ ಬಾಳು ಸಾಕ್ಷಿಯಾಗಿದೆ. ಅವರು ಏಕೀಕೃತ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿಗಳಾದ ಕೀರ್ತಿಶೇಷ ಸಿದ್ದವ್ವನಹಳ್ಳಿ ನಿಜಲಿಂಗಪ್ಪನವರು. ಅವರ ಹೆಸರು ಎಲ್ಲರಿಗೂ ಗೊತ್ತು, ಆದರೆ ಅವರು ಓದಿದ ಬಗೆ ಅನೇಕರಿಗೆ ತಿಳಿಯದು.

ಮೂರು ಸರ್ಕಾರಗಳ ನೆಲದಲ್ಲಿ ಒಂದು ಓದು

ನಿಜಲಿಂಗಪ್ಪನವರು 1902ರ ಡಿಸೆಂಬರ್ 10ರಂದು ಹಲುವಾಗಲು ಎಂಬ ಹಳ್ಳಿಯಲ್ಲಿ ಜನಿಸಿದರು. ಈಗ ವಿಜಯನಗರ ಜಿಲ್ಲೆಯ ಹರಪನಹಳ್ಳಿ ತಾಲೂಕಿನಲ್ಲಿರುವ ಆ ಊರು ಅಂದು ಬಳ್ಳಾರಿ ಜಿಲ್ಲೆಗೆ, ಅಂದರೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಕಾಸರಗೋಡು ಕೂಡ ಆಗ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿ ಅದೇ ಮದರಾಸಿನ ಆಡಳಿತದಲ್ಲಿತ್ತು. ಹೀಗೆ ನೋಡಿದರೆ ಆ ಬಾಲಕನೂ ನಮ್ಮ ಅಜ್ಜಂದಿರೂ ಒಂದೇ ಸರ್ಕಾರದ ಪ್ರಜೆಗಳಾಗಿದ್ದರು.

ತಂದೆಯವರು ಸಣ್ಣ ವ್ಯಾಪಾರಸ್ಥರು. ಮಗ ಎಳೆಯವನಿದ್ದಾಗಲೇ ಅವರು ತೀರಿಕೊಂಡರು. ಹಿಂದೆ ಅನುಕೂಲವಾಗಿದ್ದ ಮನೆತನ ಆ ವೇಳೆಗೆ ಕೈಬರಿದಾಗಿತ್ತು. ತಾಯಿಯ ತಂದೆಯವರ ನೆರವಿನಿಂದ ಸಂಸಾರ ಸಾಗಿತು. ಬಾಲಕನಿಗೆ ಮೊದಲು ದೊರೆತದ್ದು ಹಳೆಯ ಪದ್ಧತಿಯ ಪಾಠ. ವೀರಪ್ಪ ಮಾಸ್ತರರೆಂಬ ಗುರುಗಳು ಅವರಿಗೆ ಅಕ್ಷರವನ್ನೂ ಸಂಸ್ಕಾರವನ್ನೂ ಕಲಿಸಿದರು. ಆ ಬಳಿಕ ದಾವಣಗೆರೆಯಲ್ಲಿ ಹೊಸ ಪದ್ಧತಿಯ ಶಾಲಾ ವಿದ್ಯಾಭ್ಯಾಸವಾಯಿತು. ದಾವಣಗೆರೆ ಅಂದು ಮೈಸೂರು ಸಂಸ್ಥಾನದ ಊರು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ 1924ರಲ್ಲಿ ಬಿ.ಎ. ಪದವಿ ಪಡೆದರು.

ಮೈಸೂರು ಸಂಸ್ಥಾನದಲ್ಲಿ ಆಗ ಕಾನೂನು ಕಾಲೇಜು ಇರಲಿಲ್ಲ. ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾನೂನು ಕಾಲೇಜು ಆರಂಭವಾದದ್ದು 1939ರಲ್ಲಿ. ಅದಕ್ಕೆ ಮುಂಚೆ ವಕೀಲಿ ಕಲಿಯಬೇಕೆಂಬ ಕನ್ನಡ ಹುಡುಗರು ಮದರಾಸಿಗೋ ಮುಂಬಯಿಗೋ ಪುಣೆಗೋ ಹೋಗಬೇಕಿತ್ತು. ನಿಜಲಿಂಗಪ್ಪನವರು ಪುಣೆಯನ್ನು ಆರಿಸಿಕೊಂಡರು. ಅಲ್ಲಿನ ಕಾನೂನು ಕಾಲೇಜು 1924ರಲ್ಲಷ್ಟೇ ಬಾಗಿಲು ತೆರೆದಿತ್ತು. 1926ರಲ್ಲಿ ಅವರು ಅಲ್ಲಿಂದ ಕಾನೂನು ಪದವೀಧರರಾಗಿ ಹೊರಬಂದರು.

ಭಕ್ತರು ಇದನ್ನು ಗಮನಿಸಬೇಕು. ಹುಟ್ಟಿದ್ದು ಮದರಾಸು ಪ್ರಾಂತ್ಯದಲ್ಲಿ, ಶಾಲೆ ಮತ್ತು ಕಾಲೇಜು ಮೈಸೂರು ಸಂಸ್ಥಾನದಲ್ಲಿ, ಕಾನೂನು ಮುಂಬಯಿ ಪ್ರಾಂತ್ಯದಲ್ಲಿ. ಕನ್ನಡನಾಡು ಎಷ್ಟು ಚೂರಾಗಿದೆ ಎಂಬುದನ್ನು ಅವರು ಭೂಪಟದಲ್ಲಿ ನೋಡಿ ತಿಳಿಯಬೇಕಾಗಿರಲಿಲ್ಲ. ತಮ್ಮ ಓದಿನ ಹಾದಿಯಲ್ಲೇ ಆ ಗಡಿಗಳನ್ನು ದಾಟಿದ್ದರು. ಏಕೀಕರಣದ ಮಾತು ಮುಂದೆ ಅವರಿಗೆ ಅಷ್ಟು ಸಹಜವಾದದ್ದಕ್ಕೆ ಇದೂ ಒಂದು ಕಾರಣವೆಂದು ನಾವು ಭಾವಿಸುತ್ತೇವೆ.

ವಕೀಲಿಯ ಹತ್ತು ವರ್ಷ

ಪದವಿ ಕೈಗೆ ಬಂದ ಕೂಡಲೇ ನಿಜಲಿಂಗಪ್ಪನವರು ವೇದಿಕೆ ಹತ್ತಲಿಲ್ಲ. ಚಿತ್ರದುರ್ಗದಲ್ಲಿ ವಕೀಲಿ ವೃತ್ತಿ ಹಿಡಿದರು. ಕಾಂಗ್ರೆಸ್ ಅಧಿವೇಶನಗಳಿಗೆ ಹೋಗುತ್ತಿದ್ದರೂ ಅದು ಪ್ರೇಕ್ಷಕರಾಗಿ ಮಾತ್ರ. ಸೇವಾದಳದ ಡಾ. ನಾ.ಸು. ಹರ್ಡೀಕರರ ಸಂಪರ್ಕ ಬಂದು 1936ರ ಸುಮಾರಿಗೆ ಅವರು ಪೂರ್ಣ ಮನಸ್ಸಿನಿಂದ ಚಳವಳಿಗೆ ಇಳಿದರು. ಇಳಿದದ್ದೂ ಸ್ವಯಂಸೇವಕರಾಗಿ. ಅಂದರೆ ಪದವಿಗೂ ರಾಜಕಾರಣಕ್ಕೂ ನಡುವೆ ಸುಮಾರು ಹತ್ತು ವರ್ಷದ ದುಡಿಮೆ ಇದೆ.

ಆ ಕಾಲದ ನಾಯಕರಲ್ಲಿ ಇಷ್ಟು ಮಂದಿ ವಕೀಲರೇ ಏಕೆ ಇದ್ದರು ಎಂಬ ಪ್ರಶ್ನೆ ಸಹಜ. ಮೈಸೂರಿನ ಮೊದಲ ಮುಖ್ಯಮಂತ್ರಿ ಕೆ.ಸಿ. ರೆಡ್ಡಿ, ಕೆಂಗಲ್ ಹನುಮಂತಯ್ಯ, ಕಡಿದಾಳ್ ಮಂಜಪ್ಪ, ನಿಜಲಿಂಗಪ್ಪ, ಬಿ.ಡಿ. ಜತ್ತಿ – ಸಾಲಾಗಿ ಐವರೂ ಕಾನೂನು ಓದಿದವರು. ನಮ್ಮ ಸಮಾಜದಲ್ಲೇ ನೋಡಿದರೆ 1930ರ ದಶಕದಲ್ಲಿ ಮುಂಬಯಿ ಸರ್ಕಾರದ ಶಿಕ್ಷಣ ಮಂತ್ರಿಗಳಾಗಿದ್ದ ಸರ್ ಸಿದ್ದಪ್ಪ ಕಂಬಳಿಯವರು ವಕೀಲರು. ವಚನಗಳನ್ನು ಹುಡುಕಿ ಉಳಿಸಿದ ಫ.ಗು. ಹಳಕಟ್ಟಿಯವರೂ ವಿಜಾಪುರದ ವಕೀಲರೇ.

ಇದಕ್ಕೆ ಕಾರಣಗಳು ಸ್ಪಷ್ಟವಾಗಿವೆ. ಸರ್ಕಾರಿ ನೌಕರನಿಗೆ ಸರ್ಕಾರದ ವಿರುದ್ಧ ಬಾಯಿ ತೆರೆಯುವ ಸ್ವಾತಂತ್ರ್ಯವಿರಲಿಲ್ಲ, ವಕೀಲನಿಗಿತ್ತು. ವಕೀಲನ ಬಳಿಗೆ ಬರುವವನು ರೈತ, ಸಾಲದಲ್ಲಿ ಮುಳುಗಿದವನು, ಹೊಲದ ಬದುವಿಗಾಗಿ ಅಣ್ಣತಮ್ಮಂದಿರೊಡನೆ ಜಗಳವಾಡಿದವನು. ಅವನ ಕಡತವನ್ನು ಓದುತ್ತ ಓದುತ್ತ ಇಡೀ ತಾಲೂಕಿನ ಕಷ್ಟ ವಕೀಲನಿಗೆ ಬಾಯಿಪಾಠವಾಗುತ್ತದೆ. ಸರ್ಕಾರದ ಆಜ್ಞೆಯಲ್ಲಿ ಯಾವ ಮಾತು ಜನರನ್ನು ಕಟ್ಟಿಹಾಕಿದೆ, ಯಾವ ಮಾತು ಬಿಡಿಸಬಲ್ಲದು ಎಂಬುದು ಅವನಿಗೆ ಕಾಣುತ್ತದೆ. ಎದುರಾಳಿಯ ವಾದವನ್ನು ಸಿಟ್ಟಿಲ್ಲದೆ ಕೇಳಿ ಉತ್ತರ ಕೊಡುವ ಅಭ್ಯಾಸವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಒಲೆ ಉರಿಯಲು ಅವನು ರಾಜಕಾರಣವನ್ನು ನೆಚ್ಚಬೇಕಾಗಿಲ್ಲ.

ಸನ್ನದು ಹೋಯಿತು, ಓದು ಉಳಿಯಿತು

1939ರಲ್ಲಿ ಚಿತ್ರದುರ್ಗ ಸೀಮೆಯ ತುರುವನೂರಿನಲ್ಲಿ ಈಚಲ ಮರಗಳನ್ನು ಕಡಿಯುವ ಸತ್ಯಾಗ್ರಹ ನಡೆಯಿತು. ಹೆಂಡದ ಆದಾಯ ಸರ್ಕಾರದ ಬೊಕ್ಕಸಕ್ಕೆ, ಹೆಂಡದ ಹಾನಿ ಬಡವನ ಮನೆಗೆ ಎಂಬುದೇ ಆ ಚಳವಳಿಯ ಹುರುಳು. ಮುಂದಾಳುಗಳಲ್ಲಿ ನಿಜಲಿಂಗಪ್ಪನವರು ಒಬ್ಬರು. ಜೈಲು ಸೇರಿದರು. ವಕೀಲಿಯ ಸನ್ನದೂ ಕೈಬಿಟ್ಟಿತು. ತಾತನ ನೆರವಿನಲ್ಲಿ ಬೆಳೆದ ಹುಡುಗ ಗಡಿ ದಾಟಿ ಹೋಗಿ ಗಳಿಸಿದ ಪದವಿಯ ಫಲ ಹೀಗೆ ಒಂದು ಆಜ್ಞೆಯಿಂದ ಇಲ್ಲವಾಯಿತು. 1942ರ ಚಳವಳಿಯ ಕಾಲದಲ್ಲೂ ಅವರು ಬಂಧನಕ್ಕೊಳಗಾದರು.

ಮಕ್ಕಳ ಓದಿಗೆ ಅಡಿಕೆ ಮಾರಿದ ಹಣವನ್ನೋ ಅಂಗಡಿಯ ಗಲ್ಲದ ಹಣವನ್ನೋ ಸುರಿದ ನಮಗೆ ಈ ನಷ್ಟದ ತೂಕ ಗೊತ್ತಾಗುತ್ತದೆ. ಆದರೆ ಮುಂದಾದದ್ದನ್ನೂ ನೋಡಬೇಕು. ವೃತ್ತಿಯ ಪರವಾನಗಿಯನ್ನು ಕಸಿಯಬಹುದು, ಓದಿನಿಂದ ಬಂದ ತಿಳಿವನ್ನು ಕಸಿಯಲಾಗದು. ಅದೇ ತಿಳಿವು ಅವರನ್ನು ಪ್ರಾಂತ ಕಾಂಗ್ರೆಸ್ಸಿನ ಅಧ್ಯಕ್ಷಸ್ಥಾನಕ್ಕೂ ಭಾರತದ ಸಂವಿಧಾನ ಸಭೆಗೂ ಕರೆದೊಯ್ದಿತು. ವಿಶೇಷವೆಂದರೆ ಚಿತ್ರದುರ್ಗದ ಈ ವಕೀಲರು ಸಂವಿಧಾನ ಸಭೆಯಲ್ಲಿ ಕುಳಿತದ್ದು ಮುಂಬಯಿ ಪ್ರಾಂತ್ಯದ ಸದಸ್ಯರ ಸಾಲಿನಲ್ಲಿ. 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಒಂದು ಕಡೆ ಹಬ್ಬ, ಒಂದು ಕಡೆ ಸೂತಕ

1956ರ ನವೆಂಬರ್ 1ರಂದು ಕನ್ನಡದ ಸೀಮೆಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ಹುಟ್ಟಿತು. ನಿಜಲಿಂಗಪ್ಪನವರು ಅದರ ಪ್ರಥಮ ಮುಖ್ಯಮಂತ್ರಿಗಳಾದರು. ಹಳೆ ಮೈಸೂರಿನ ಕೆಲವರಿಗೆ ಏಕೀಕರಣ ಬೇಡವಾಗಿತ್ತು. ಉತ್ತರದ ಜಿಲ್ಲೆಗಳು ಸೇರಿದರೆ ವೀರಶೈವ ಲಿಂಗಾಯತರ ಬಲ ಹೆಚ್ಚುತ್ತದೆ ಎಂಬ ಅಳುಕು ಅದರ ಹಿಂದಿತ್ತು. ಆ ಅಳುಕಿನ ನಡುವೆ, ತಾವೇ ಆ ಸಮಾಜಕ್ಕೆ ಸೇರಿದ್ದರೂ, ಇಡೀ ನಾಡಿನ ಮಾತನ್ನು ಆಡುವುದು ಸುಲಭದ ಕೆಲಸವಾಗಿರಲಿಲ್ಲ.

ಬೆಂಗಳೂರಿನಲ್ಲಿ ಹಬ್ಬವಾದ ಆ ದಿನ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಸೂತಕದ ಮೌನವಿತ್ತು. ರಾಜ್ಯ ಪುನರ್ವಿಂಗಡಣಾ ಆಯೋಗದ 1955ರ ವರದಿಯಂತೆ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಕೆಳದಿಯ ಶಿವಪ್ಪ ನಾಯಕನ ಹೆಸರು ಹೊತ್ತ ಬೇಕಲದ ಕೋಟೆ ಇದ್ದ ನೆಲ, ನಮ್ಮ ಶರಣಪರಂಪರೆಯ ಅರಸರು ಆಳಿದ ನೆಲ, ಒಂದು ರಾತ್ರಿ ಕಳೆಯುವುದರೊಳಗೆ ಬೇರೆ ಭಾಷೆಯ ರಾಜ್ಯವಾಯಿತು.

ಅದರ ಮರುವರ್ಷ, 1957ರ ಕೇರಳ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾಯರು ಅವಿರೋಧವಾಗಿ ಆಯ್ಕೆಯಾದರು. ಬಳಿಕ ಕಳ್ಳಿಗೆ ಮಹಾಬಲ ಭಂಡಾರಿಯವರು ಅಲ್ಲಿಂದಲೇ ಮತ್ತೆ ಮತ್ತೆ ಗೆದ್ದು ಬಂದರು. ಕನ್ನಡದ ಕೂಗು ತಿರುವನಂತಪುರದ ಸಭೆಯಲ್ಲಿ ಕೇಳಿಸಿದ್ದು ಇಂಥವರಿಂದ.

ಸೋತು ಗೆದ್ದವರು

1958ರಲ್ಲಿ ಪಕ್ಷದೊಳಗಿನ ತಿಕ್ಕಾಟದಿಂದ ನಿಜಲಿಂಗಪ್ಪನವರು ಅಧಿಕಾರ ಬಿಟ್ಟರು. ಬಿ.ಡಿ. ಜತ್ತಿಯವರು ಮುಖ್ಯಮಂತ್ರಿಗಳಾದರು. 1962ರ ಚುನಾವಣೆಯಲ್ಲಿ ಪಕ್ಷ ಗೆದ್ದಿತು, ಆದರೆ ನಿಜಲಿಂಗಪ್ಪನವರು ಸ್ವತಃ ಹೊಸದುರ್ಗದಲ್ಲಿ ಸೋತರು. ಆಗ ಎಸ್.ಆರ್. ಕಂಠಿಯವರು ಮಾರ್ಚಿಯಿಂದ ಜೂನ್‌ವರೆಗೆ ಮುಖ್ಯಮಂತ್ರಿಗಳಾಗಿದ್ದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಅವಿರೋಧವಾಗಿ ಆರಿಸಿ ಬಂದಾಗ ಕಂಠಿಯವರು ಗದ್ದುಗೆಯನ್ನು ಬಿಟ್ಟುಕೊಟ್ಟರು. ಇಂದಿನ ರಾಜಕಾರಣ ಕಂಡವರಿಗೆ ಇದು ಪುರಾಣದ ಕಥೆಯಂತೆ ತೋರಬಹುದು, ಆದರೆ ನಡೆದ ಸಂಗತಿ.

1962ರಿಂದ 1968ರವರೆಗಿನ ಆ ಅವಧಿಯಲ್ಲಿ ನಾಡಿಗೆ ದೊಡ್ಡ ಕೆಲಸಗಳಾದವು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ಪೂರ್ಣಗೊಂಡು ವಿದ್ಯುತ್ ಹರಿಯಿತು. 1964ರಲ್ಲಿ ಆಲಮಟ್ಟಿಯಲ್ಲಿ ಕೃಷ್ಣಾ ಯೋಜನೆಗೆ ಅಡಿಗಲ್ಲು ಬಿತ್ತು. ಅದೇ ವರ್ಷ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯವೂ ಬೆಂಗಳೂರು ವಿಶ್ವವಿದ್ಯಾನಿಲಯವೂ ಆರಂಭವಾದವು. ಓದಲು ಗಡಿ ದಾಟಬೇಕಾಗಿ ಬಂದಿದ್ದ ಹುಡುಗ ಮುಂದಿನ ಮಕ್ಕಳಿಗೆ ಓದಿನ ಮನೆ ಹತ್ತಿರವಾಗುವಂತೆ ಮಾಡಿದನೆಂದು ನಾವು ಇದನ್ನು ಅರ್ಥೈಸಿಕೊಳ್ಳುತ್ತೇವೆ.

ಮಹಾಜನ ವರದಿ ಕಲಿಸುವ ಪಾಠ

ನಮ್ಮ ಭಾಗದವರು ಮರೆಯಬಾರದ ಅಧ್ಯಾಯ ಇದೇ ಅವಧಿಯದು. ಗಡಿ ವಿವಾದವನ್ನು ತೀರ್ಮಾನಿಸಲು ಕೇಂದ್ರ ಸರ್ಕಾರ 1966ರ ಅಕ್ಟೋಬರಿನಲ್ಲಿ ಏಕಸದಸ್ಯ ಆಯೋಗವೊಂದನ್ನು ನೇಮಿಸಿತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಮೆಹರಚಂದ ಮಹಾಜನರು ಅದರ ಹೊಣೆ ಹೊತ್ತರು. ಆಗ ಮೈಸೂರಿನ ಮುಖ್ಯಮಂತ್ರಿಗಳು ನಿಜಲಿಂಗಪ್ಪನವರು. 1967ರ ಆಗಸ್ಟ್‌ನಲ್ಲಿ ವರದಿ ಬಂತು. ಬೆಳಗಾವಿ ಮೈಸೂರಿನಲ್ಲೇ ಇರಬೇಕು. ಮೈಸೂರಿನ 264 ಹಳ್ಳಿಗಳು ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ಜತ್ತ ಮತ್ತು ಸೊಲ್ಲಾಪುರದ ಕಡೆಯ 247 ಹಳ್ಳಿಗಳು ಮೈಸೂರಿಗೆ ಸೇರಬೇಕು. ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಬೇಕು ಎಂಬುದು ಅದರ ಶಿಫಾರಸು.

ಮೈಸೂರು ಸರ್ಕಾರ ವರದಿಯನ್ನು ಒಪ್ಪಿತು. ಮಹಾರಾಷ್ಟ್ರ ತಿರಸ್ಕರಿಸಿತು. ಕೇರಳವೂ ಒಪ್ಪಲಿಲ್ಲ. ಕೇಂದ್ರ ಸರ್ಕಾರ ಅದನ್ನು ಜಾರಿಗೆ ತರಲಿಲ್ಲ. ರಾಜ್ಯದ ಗಡಿಯನ್ನು ಬದಲಿಸುವ ಅಧಿಕಾರ ಸಂವಿಧಾನದ 3ನೆಯ ವಿಧಿಯಂತೆ ಸಂಸತ್ತಿನದು, ಮುಖ್ಯಮಂತ್ರಿಯದಲ್ಲ. ನುರಿತ ವಕೀಲರೊಬ್ಬರು ಗದ್ದುಗೆಯಲ್ಲಿದ್ದರು, ನ್ಯಾಯಾಧೀಶರೊಬ್ಬರ ಬರಹ ನಮ್ಮ ಪರವಾಗಿತ್ತು, ಆದರೂ ಕಾಸರಗೋಡು ಹೋಗಲಿಲ್ಲ.

ನಿಜಲಿಂಗಪ್ಪನವರು ಇನ್ನಷ್ಟು ಹಟ ಹಿಡಿಯಬೇಕಿತ್ತು ಎನ್ನುವವರು ಇದ್ದಾರೆ. ಆ ನೋವು ನಮಗೂ ಅರ್ಥವಾಗುತ್ತದೆ. ಆದರೆ ನಾವು ಕಾಣುವ ಪಾಠ ಬೇರೆ. ದಾಖಲೆ ಮತ್ತು ವಾದ ನಮಗೆ ಶಿಫಾರಸನ್ನು ತಂದುಕೊಡಬಲ್ಲವು. ಅದನ್ನು ಜಾರಿ ಮಾಡಿಸುವುದು ಸಭೆಯಲ್ಲಿ ಕುಳಿತವರ ಸಂಖ್ಯೆ ಮತ್ತು ಮನವೊಲಿಕೆ. ಬೆಂಗಳೂರಿನಲ್ಲಿ ಒಬ್ಬ ಹಿತೈಷಿ ಇದ್ದರೆ ಸಾಲದು. ಪಂಚಾಯತಿನಲ್ಲಿ, ತಿರುವನಂತಪುರದಲ್ಲಿ, ದೆಹಲಿಯಲ್ಲಿ ನಮ್ಮ ನೆಲದ ಮಕ್ಕಳೇ ಮಾತಾಡಬಲ್ಲವರಾಗಬೇಕು.

ಸಂಜೆಯ ದಿನಗಳು

1968ರಲ್ಲಿ ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಮರುವರ್ಷವೇ ರಾಷ್ಟ್ರಪತಿ ಚುನಾವಣೆಯ ವಿಷಯದಲ್ಲಿ ಪಕ್ಷ ಸೀಳಿತು. 1969ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಿದ ತೀರ್ಮಾನ ಇವರ ಅಧ್ಯಕ್ಷತೆಯಲ್ಲಿ ಆಯಿತು. ಆದರೆ ಜನ ಮತ್ತೊಂದು ಕಡೆಗೆ ಹೋದರು. 1971ರ ಚುನಾವಣೆಯಲ್ಲಿ ಇಂದಿರಾ ಅವರಿಗೆ ಭಾರೀ ಗೆಲುವಾಯಿತು. ನಿಯಮದ ಪುಸ್ತಕ ತಮ್ಮ ಕಡೆಗಿದ್ದರೂ ಜನರ ಮನಸ್ಸು ತಮ್ಮ ಕಡೆಗಿರುವುದಿಲ್ಲ ಎಂಬುದನ್ನು ಆ ಹಿರಿಯ ವಕೀಲರು ಬದುಕಿನ ಸಂಜೆಯಲ್ಲಿ ಕಂಡರು. ಕಾನೂನಿನ ಓದು ಕೊಡುವ ಬಲಕ್ಕೂ ಒಂದು ಎಲ್ಲೆ ಇದೆ.

ಕ್ರಮೇಣ ಅವರು ಸಕ್ರಿಯ ರಾಜಕಾರಣದಿಂದ ದೂರವಾಗಿ ಚಿತ್ರದುರ್ಗದಲ್ಲಿ ಸರಳ ಜೀವನ ನಡೆಸಿದರು. 2000ದ ಆಗಸ್ಟ್ 8ರಂದು, ತೊಂಬತ್ತೇಳನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಚಿತ್ರದುರ್ಗದ ಸಮೀಪದ ಸೀಬಾರದಲ್ಲಿ ಅವರ ಸ್ಮಾರಕವಿದೆ. ಬಾಗಲಕೋಟೆಯ ವೈದ್ಯಕೀಯ ಕಾಲೇಜು, ಬೆಳಗಾವಿಯ ಸಕ್ಕರೆ ಸಂಸ್ಥೆ ಅವರ ಹೆಸರನ್ನು ಹೊತ್ತಿವೆ.

ನಮ್ಮ ಮಕ್ಕಳ ಮುಂದಿರುವ ದಾರಿ

ಈಗ ಮೊದಲ ಪ್ರಶ್ನೆಗೆ ಬರೋಣ. ಚುನಾವಣೆಗೆ ನಿಲ್ಲಲು ಕಾನೂನು ಯಾವ ಪದವಿಯನ್ನೂ ಕೇಳುವುದಿಲ್ಲ. ಕೇರಳದ ಪಂಚಾಯತಿಗೆ 21 ವರ್ಷ, ವಿಧಾನಸಭೆಗೂ ಲೋಕಸಭೆಗೂ 25 ವರ್ಷ ತುಂಬಿರಬೇಕು. ಹಾಗಿದ್ದಮೇಲೆ ಓದು ಬೇಕಾಗಿರುವುದು ಗೆಲ್ಲುವುದಕ್ಕಲ್ಲ, ಗೆದ್ದ ಮೇಲೆ ಕೆಲಸ ಮಾಡುವುದಕ್ಕೆ.

ಕಾನೂನು ಓದುವ ಮನಸ್ಸಿದ್ದರೆ ಪ್ಲಸ್ ಟು ಬಳಿಕ ಐದು ವರ್ಷದ ಕೋರ್ಸು ಇದೆ, ಪದವಿಯ ಬಳಿಕ ಮೂರು ವರ್ಷದ ಕೋರ್ಸು ಇದೆ. ನಿಜಲಿಂಗಪ್ಪನವರಂತೆ ಪುಣೆಗೆ ಹೋಗಬೇಕಾಗಿಲ್ಲ. ಮಂಗಳೂರಿನಲ್ಲೇ 1974ರಿಂದ ಕಾನೂನು ಕಾಲೇಜು ಇದೆ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಸಂವಿಧಾನದ 29 ಮತ್ತು 30ನೆಯ ವಿಧಿಗಳೇ ರಕ್ಷಣೆ. ನಮ್ಮ ಭಾಷೆಯಲ್ಲಿ ಅರ್ಜಿ ಕೊಡುವ ಹಕ್ಕನ್ನು 350ನೆಯ ವಿಧಿ ಕೊಡುತ್ತದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಮಾತು 350ಎ ವಿಧಿಯಲ್ಲಿದೆ. ಇವುಗಳನ್ನು ಬಲ್ಲ ಒಬ್ಬ ಯುವಕನೋ ಯುವತಿಯೋ ಪ್ರತಿ ಪಂಚಾಯತಿನಲ್ಲಿದ್ದರೆ, ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ಬರಿಯ ಗೊಣಗಾಟದಲ್ಲಿ ಮಾತು ಮುಗಿಯುವುದಿಲ್ಲ.

ಕಾನೂನೊಂದೇ ದಾರಿ ಎಂದೂ ತಿಳಿಯಬಾರದು. ದೇವರಾಜ ಅರಸರು ವಕೀಲರಾಗಿರಲಿಲ್ಲ. ವಿಜ್ಞಾನ ಓದಿ ಊರಿಗೆ ಮರಳಿ ಬೇಸಾಯ ಮಾಡಿದವರು. ವ್ಯಾಪಾರಸ್ಥರ ಮಕ್ಕಳಿಗೆ ಬಿ.ಕಾಂ. ಕೂಡ ಒಳ್ಳೆಯ ತಯಾರಿ ಎಂದು, ಅದನ್ನೇ ಓದಿ ಮಠದ ಲೆಕ್ಕಪತ್ರ ನೋಡುತ್ತಿರುವ ನಾವು ಧೈರ್ಯವಾಗಿ ಹೇಳಬಲ್ಲೆವು. ಕೇರಳದಲ್ಲಿ 1996ರ ಜನಕೀಯ ಯೋಜನೆಯಿಂದ ಪಂಚಾಯತಿಗಳ ಕೈಗೆ ದೊಡ್ಡ ಮೊತ್ತ ಬರತೊಡಗಿತು. ಆಯವ್ಯಯ ಪತ್ರವನ್ನು ಓದಲು ಬಾರದ ಸದಸ್ಯ ಕಾರ್ಯದರ್ಶಿ ತೋರಿಸಿದಲ್ಲಿ ಸಹಿ ಹಾಕುತ್ತಾನೆ. ಓದಲು ಬಂದವನು ಪ್ರಶ್ನೆ ಕೇಳುತ್ತಾನೆ. ಕೃಷಿಕರ ಮಕ್ಕಳಿಗೆ ಸಹಕಾರಿ ಸಂಘವೇ ಮೊದಲ ಶಾಲೆ. 1973ರಲ್ಲಿ ಕರ್ನಾಟಕ ಮತ್ತು ಕೇರಳದ ಅಡಿಕೆ ಬೆಳೆಗಾರರು ಸೇರಿ ಕಟ್ಟಿದ ಕ್ಯಾಂಪ್ಕೊ, ಗಡಿ ದಾಟಿ ಕೈಜೋಡಿಸಿದರೆ ಏನಾಗಬಹುದೆಂಬುದಕ್ಕೆ ಕಣ್ಣೆದುರಿನ ಉದಾಹರಣೆ.

ಭಾಷೆಯ ವಿಷಯದಲ್ಲಿ ಒಂದು ಮಾತನ್ನು ನಿಷ್ಠುರವಾಗಿಯಾದರೂ ಹೇಳಬೇಕು. ಮಲಯಾಳ ಕಲಿಯುವುದರಿಂದ ಕನ್ನಡಕ್ಕೆ ದ್ರೋಹವಾಗುತ್ತದೆ ಎಂಬ ಭಾವನೆ ನಮ್ಮ ಕೆಲವು ಮನೆಗಳಲ್ಲಿದೆ. ಮರಾಠಿಯ ಊರಿನಲ್ಲಿ ಕಾನೂನು ಓದಿದ ನಿಜಲಿಂಗಪ್ಪನವರು ಕನ್ನಡವನ್ನು ಕಳೆದುಕೊಂಡು ಬರಲಿಲ್ಲ. ಕನ್ನಡನಾಡನ್ನು ಒಂದುಗೂಡಿಸುವ ಕೆಲಸಕ್ಕೆ ಬಂದರು. ಸರ್ಕಾರದ ಆಜ್ಞೆ ಮಲಯಾಳದಲ್ಲಿ ಬರುವಾಗ ಅದನ್ನು ಓದಲು ಬಾರದವನು ಕನ್ನಡಿಗರ ಪರವಾಗಿ ವಾದಿಸುವುದು ಹೇಗೆ? ಕನ್ನಡದಲ್ಲಿ ಗಟ್ಟಿಯಾಗಿ ನಿಂತು, ಮಲಯಾಳವನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಯಲಿ. ಸಭೆಯಲ್ಲಿ ನಮ್ಮ ನುಡಿಗೆ ಬಾಗಿಲು ಮುಚ್ಚಿಲ್ಲ. 2021ರಲ್ಲಿ ಮಂಜೇಶ್ವರದ ಶಾಸಕರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ಸ್ವೀಕರಿಸಿದರು.

ಹಣದ ಚಿಂತೆಯೂ ಇದೆ. 1906ರಲ್ಲಿ ಲಿಂಗೈಕ್ಯರಾದ ಶಿರಸಂಗಿ ಲಿಂಗರಾಜ ದೇಸಾಯರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಗುಬ್ಬಿ ತೋಟದಪ್ಪನವರು ಬೆಂಗಳೂರಿಗೆ ಓದಲು ಬರುವ ಹುಡುಗರಿಗೆ ನೆಲೆ ಮಾಡಿಕೊಟ್ಟರು. ವಿದ್ಯಾದಾಸೋಹ ನಮಗೆ ಹೊಸದಲ್ಲ. ಡಾಕ್ಟರ್, ಎಂಜಿನಿಯರ್ ಆಗುವ ಮಗುವಿಗೆ ನೆರವಾಗುವಂತೆಯೇ, ನಾಳೆ ಪಂಚಾಯತಿನಲ್ಲೂ ವಿಧಾನಸಭೆಯಲ್ಲೂ ನಮ್ಮ ಮಾತಾಡಬಲ್ಲ ಮಗುವಿಗೂ ಭಕ್ತರು ನೆರವಾಗಬೇಕೆಂದು ಕೋರುತ್ತೇವೆ.

ಆದುದರಿಂದ ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ. ಮಗು ರಾಜಕಾರಣದ ಮಾತೆತ್ತಿದರೆ ಗದರಿಸಬೇಡಿ, ಕೂಡಲೇ ಹಾರವನ್ನೂ ಹಾಕಬೇಡಿ. ಮೊದಲು ಒಂದು ವಿದ್ಯೆ ಪೂರ್ಣ ಮಾಡಲಿ. ಬಳಿಕ ತನ್ನ ಅನ್ನವನ್ನು ತಾನೇ ದುಡಿದುಕೊಳ್ಳುವ ಒಂದು ಕಾಯಕ ಹಿಡಿಯಲಿ. ಆ ಕಾಯಕದಲ್ಲಿ ಜನರ ಕಷ್ಟವನ್ನು ಹತ್ತಿರದಿಂದ ಕಾಣಲಿ. ಅನಂತರ ಸ್ವಯಂಸೇವಕನಾಗಿ ಇಳಿಯಲಿ. ಹಲುವಾಗಲಿನಿಂದ ಹೊರಟ, ತಂದೆಯಿಲ್ಲದ ಆ ಹುಡುಗ ನಡೆದ ಕ್ರಮ ಇದೇ.

ಸರ್ವರಿಗೂ ಶುಭವಾಗಲಿ. ಶರಣು ಶರಣಾರ್ಥಿ.

– ಕಾರ್ಯದರ್ಶಿ, ಶ್ರೀಮಠ